ನಾಲ್ಕನೆಯ ಮೆಟ್ಟಿಲು

ನನ್ನ ಅಪ್ಪ ಶಿದ್ರಾಮ ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಮೂವತ್ನಾಲ್ಕು ವರ್ಷ ಹಮಾಲಿ ಮಾಡಿದ. ಅಥಣಿ ಕಡೆಯ ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದವನು, ಹೊಳೆಯಾಚೆ ಸಾಂಗ್ಲಿವಾಡಿಯಲ್ಲಿ ಎರಡು ಖೋಲಿಯ ಮನೆ ಮಾಡಿ, ದಿನಾ ಪುಲ್ ದಾಟಿ ಹೋಗಿ ಚೀಲ ಹೊತ್ತು ಬರುತ್ತಿದ್ದ. ಓದು ಬರಹ ಇರಲಿಲ್ಲ. ಆದರೆ ಎಣಿಕೆಯಲ್ಲಿ ಅವನನ್ನು ಮೀರಿಸುವವರು ಇಡೀ ಪೇಟೆಯಲ್ಲಿ ಇರಲಿಲ್ಲ, ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ಅವರ ಟೋಳಿಯಲ್ಲಿ ಹತ್ತು ಹನ್ನೆರಡು ಜನ. ಚೀಲ ಬೆನ್ನಿಗೇರಿಸಿ, ಲಾರಿಗೆ ಹಚ್ಚಿದ ಹಲಗೆ ಹತ್ತುವಾಗ ಪ್ರತಿಯೊಬ್ಬನೂ ತನ್ನ ಅಂಕಿ ಕೂಗಬೇಕು. ಮೊದಲನೆಯವನು ಒಂದು ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಆಮೇಲೆ ಎರಡು, ಮೂರು. ನಡುವೆ ಯಾರದಾದರೂ ಚೀಲ ಹರಿದು ಅರಿಷಿಣ ಚೆಲ್ಲಿತು ಅನ್ನಿ, ಆ ಚೀಲದ ಅಂಕಿಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಂತ ಅದರ ಜಾಗವನ್ನು ಇನ್ನೊಂದಕ್ಕೆ ಕೊಡುವಂತೆಯೂ ಇಲ್ಲ. ಹಿಂದಿನವನು ಹಲಗೆಯ ಮೇಲೆ ಕಾಲೆತ್ತಿ ಒಂದು ಉಸಿರು ಸುಮ್ಮನೆ ನಿಂತು, ಅದರ ಮುಂದಿನ ಅಂಕಿ ಕೂಗಿ ಹತ್ತುತ್ತಿದ್ದ. ನಾನೂ ನನ್ನ ಅಕ್ಕ ಪದ್ಮಾಳೂ ಮಧ್ಯಾಹ್ನ ಭಕ್ರಿ ಬುತ್ತಿ ಒಯ್ದು, ಅಲ್ಲೇ ಕೂತು ಇದನ್ನೆಲ್ಲ ಬಾಯಿ ತೆರೆದು ನೋಡುತ್ತಿದ್ದೆವು. ಮನೆಗೆ ಬಂದರೆ ತಲೆಗೂದಲೂ ಹಳದಿ.

ಪದ್ಮಾ ಹನ್ನೊಂದು ವರ್ಷಕ್ಕೆ ಹೋದಳು. ಜ್ವರ ನೆತ್ತಿಗೇರಿತ್ತು. ಅವತ್ತು ಗಾಡಿ ಸಿಗಲಿಲ್ಲ. ಅಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು ಮಿರಜದ ದವಾಖಾನೆಗೆ ನಡೆದುಕೊಂಡೇ ಹೊರಟ. ನಿದ್ದೆ ಹೋಗಬಾರದು ಅಂತ ರಸ್ತೆ ಬದಿಯ ಗಿಡಗಳನ್ನು ಅವಳ ಕೈಲಿ ಎಣಿಕೆ ಮಾಡಿಸುತ್ತಾ ಹೋದನಂತೆ. ಲಾಭ, ಎರಡು, ಮೂರು... ಅರ್ಧ ದಾರಿಯಲ್ಲಿ ಅವಳ ದನಿ ನಿಂತಿತು. ಅಪ್ಪ ಒಬ್ಬನೇ ಎಣಿಸುತ್ತಾ ದವಾಖಾನೆಯ ತನಕ ಹೋದ. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಅವ್ವ ಎತ್ತಗೊಡಲಿಲ್ಲ.

ಇನ್ನು ನನ್ನ ವಿಷಯ. ನಾನು ಚಂದ್ರಾ. ಗಂಡನ ಮನೆ ಒಗ್ಗಲಿಲ್ಲ, ಬಿಟ್ಟು ಬಂದೆ. ಊರಿನ ಸಹಕಾರಿ ಹಾಲಿನ ಸಂಘದಲ್ಲಿ ಕೆಲಸ. ನೀರು ಬೆರೆಸಿದವರ ಮಾನವನ್ನು ನಾಲ್ಕು ಜನರೆದುರು ಹರಾಜು ಹಾಕುತ್ತೇನೆ ಅಂತ ನನ್ನ ಮೇಲೆ ದೂರಿದೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ. ಅಣ್ಣ ದಶರಥ ಸಕ್ಕರೆ ಕಾರ್ಖಾನೆಯಲ್ಲಿದ್ದ, ಅಲ್ಲೇ ಚಾಳದಲ್ಲಿ ಸಂಸಾರ. ಹೀಗಾಗಿ ಅಪ್ಪ ನನ್ನ ಪಾಲಿಗೆ ಬಂದ, ಅಥವಾ ನಾನೇ ಅವನ ಪಾಲಿಗೆ.

ಎಂಬತ್ತೊಂಬತ್ತರ ದೀಪಾವಳಿಯ ಹೊತ್ತಿಗೆ ಅಪ್ಪನ ತಲೆ ಜಾರತೊಡಗಿತು. ಚಹಾ ಕುಡಿದವನು ಮತ್ತೆ ಚಹಾ ಕೇಳುತ್ತಿದ್ದ. ಒಂದು ದಿನ ಅವ್ವನಿಗೆ, “ಯಾವ ಊರವ್ವಾ ನಿಂದು?” ಅಂದ. ಅವ್ವ ಚೇಷ್ಟೆ ಅಂದುಕೊಂಡು ನಕ್ಕಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು.

ಮಿರಜದಲ್ಲಿ ಒಬ್ಬ ಲೇಡಿ ಡಾಕ್ಟರ್ ಅಪ್ಪನನ್ನು ನೋಡಿದರು. ಇದಕ್ಕೆ ಗುಳಿಗೆ ಇಲ್ಲ ಅಂದರು. ಬರೀ ನಡೆಸಿದರೂ ಸಾಲದು, ಕೂರಿಸಿ ಬರೀ ಪ್ರಶ್ನೆ ಕೇಳಿದರೂ ಸಾಲದು, ಮೈ ಮತ್ತು ಬುದ್ಧಿ ಎರಡನ್ನೂ ಒಂದೇ ಹೊತ್ತಿಗೆ ದುಡಿಸಿ, ಮೆಟ್ಟಿಲು ಹತ್ತಿಸುತ್ತಾ ಏನಾದರೂ ಹೇಳಿಸಿ, ರೋಗ ನಿಲ್ಲಲಿಕ್ಕಿಲ್ಲ, ನಿಧಾನ ಆದೀತು ಅಂದರು. ಆದೀತು ಅಂದದ್ದೇ ನನಗೆ ಸಾಕಾಯಿತು. ಈ ಮನುಷ್ಯ ನನ್ನನ್ನು ಮರೆಯಬಾರದು, ನನಗೆ ಬೇಕಾದದ್ದು ಅದೊಂದೇ. ಗಂಡ ಮರೆತದ್ದಕ್ಕೆ ನಾನು ಕಣ್ಣೀರು ಹಾಕಿದವಳಲ್ಲ. ಅಪ್ಪ ಮರೆತರೆ ನಾನು ಯಾರ ಮಗಳು?

ಮೆಟ್ಟಿಲಿಗೊಂದು ಅಂಕಿ, ಅಂಕಿಗೊಂದು ಮನೆಯವರ ಹೆಸರು, ಹಾಗೆ ಪಟ್ಟಿ ಮಾಡಿದೆ. ಅವ್ವ ಕೈ ಹಿಡಿದಳು. “ಆಕಿ ಹೆಸರ ಹಾಕಬ್ಯಾಡ ಚಂದ್ರಾ. ಮರತಿದ್ರ ಮರೀಲಿ. ಮತ್ತ ಯಾಕ ಎದಿ ಸುಡಬೇಕು?” ನನಗೂ ಸರಿ ಅನ್ನಿಸಿತು. ಲಾಭ, ಮಾರೆಪ್ಪ. ಅದು ಅಪ್ಪನ ಅಪ್ಪ. ಎರಡು, ಕಾಡವ್ವ, ಅವನ ತಾಯಿ. ಮೂರು, ಸೀತವ್ವ, ನಮ್ಮವ್ವ. ನಾಲ್ಕು, ದಶರಥ. ಐದು, ಚಂದ್ರಾ.

ದಿನಾ ಬೆಳಿಗ್ಗೆ ಹಾಲಿನ ಕೆಲಸ ಮುಗಿಸಿ, ಅವನ ಕೈ ಹಿಡಿದು ಪುಲ್ ದಾಟಿಸಿ, ಹೊಳೆಗೆ ಇಳಿಯುವ ಕಲ್ಲು ಮೆಟ್ಟಿಲುಗಳ ಘಾಟಿಗೆ ಕರೆದೊಯ್ಯುತ್ತಿದ್ದೆ. ಮೊದಲ ಮೂರು ಮೆಟ್ಟಿಲು ಗಂಟೆ ಹೊಡೆದ ಹಾಗೆ ಹೇಳುತ್ತಿದ್ದ. ನಾಲ್ಕಕ್ಕೆ ಬಂದರೆ ಕಾಲೆತ್ತಿ ನಿಂತುಬಿಡುತ್ತಿದ್ದ. ಬಾಯಿ ಇಲ್ಲ. ಸುಮ್ಮನೆ ಕಾಲಿಟ್ಟು, ಮುಂದಿನ ಮೆಟ್ಟಿಲಿಗೆ, “ಐದು, ದಶರಥ. ಆರು, ಚಂದ್ರಾ,” ಅನ್ನುತ್ತಿದ್ದ.

“ನಾಕ ಎಲ್ಲಿ ಹೋತರಿ ಅಪ್ಪಾ?” ಅಂತ ಕೇಳಿದರೆ ನನ್ನ ಮುಖ ನೋಡುತ್ತಿದ್ದ.

“ನಾಕ, ದಶರಥ! ಹೇಳ್ರಿ!”

“ಐದು, ದಶರಥ.”

“ಇಳೀರಿ ಕೆಳಗ. ಮತ್ತ ಮೊದಲಿಂದ.”

ಹೀಗೆ ಆರು ತಿಂಗಳು. ದಿನಾ ಇಳಿಸಿ ಹತ್ತಿಸಿದ್ದೇನೆ. ಮೂರು ಸಲ, ನಾಲ್ಕು ಸಲ. ಅವನ ಮೊಣಕಾಲು ಬಾತು ಕುಂಬಳಕಾಯಿ ಆಗಿದ್ದ ದಿನವೂ ಬಿಡಲಿಲ್ಲ. ಪಟ್ಟಿ ಬರೆದಿದ್ದ ವಹಿಯಲ್ಲಿ ನಾಲ್ಕನೆಯ ಮೆಟ್ಟಿಲಿನ ಮುಂದೆ ದಿನಾ ತಪ್ಪು ಅಂತ ಗೀಟು ಎಳೆದೆ. ಒಮ್ಮೆ ಬಟ್ಟೆ ಒಗೆಯುವ ಹೆಂಗಸರೆಲ್ಲ ತಿರುಗಿ ನೋಡುವಂತೆ, “ಚೀಲ ಹೊತ್ತ ಹೊತ್ತ ಬುದ್ಧಿನೂ ಅಲ್ಲೇ ಇಳಿಸಿ ಬಂದೀರೇನ?” ಅಂತ ಚೀರಿದೆ. ಅಪ್ಪ ಇಳಿದು ಹೋಗಿ ಮತ್ತೆ ‘ಲಾಭ’ದಿಂದ ಶುರುಮಾಡಿದ. ನನ್ನ ನಾಲಿಗೆಗೆ ಬೆಂಕಿ ಹಾಕ.

ಮಳೆಗಾಲ ಶುರುವಾಗುವ ಮುಂಚೆ ಕಾಡಪ್ಪ ಕಾಕಾ ಬಂದಿದ್ದರು. ಅಪ್ಪನ ಟೋಳಿಯಲ್ಲಿ ಹಿಂದೆ ಮುಂದೆ ಚೀಲ ಹೊತ್ತವರು. ಗೆಳೆಯನನ್ನು ನೋಡಬೇಕು ಅಂತ ನಮ್ಮ ಜೊತೆ ಘಾಟಿಗೂ ಬಂದರು. ಅಪ್ಪ ಹತ್ತಿದ. ಲಾಭ, ಎರಡು, ಮೂರು. ನಾಲ್ಕಕ್ಕೆ ಕಾಲೆತ್ತಿ ನಿಂತ. ನಾನು ಬಾಯಿ ತೆಗೆಯುವಷ್ಟರಲ್ಲಿ ಕಾಕಾ ನನ್ನ ರಟ್ಟೆ ಹಿಡಿದರು.

“ಬೈಬ್ಯಾಡವ್ವಾ. ಅವ ಎಲ್ಲಿ ತಪ್ಯಾನ? ಹರದ ಚೀಲಕ್ಕ ಜಾಗಾ ಬಿಡಾಕತ್ಯಾನ.”

ನನಗೆ ಮೊದಲು ತಲೆಗೆ ಹೋಗಲಿಲ್ಲ. ಕಾಕಾ ಮೆಲ್ಲಗೆ ಕೇಳಿದರು, “ಸೀತವ್ವ ಆದಮ್ಯಾಲ ದಶರಥನ ಮದಲ ನಿಮ್ಮ ಮನ್ಯಾಗ ಯಾರ ಹುಟ್ಟಿದ್ರು?”

ಆ ಟೋಳಿಯ ಎಣಿಕೆ ನನಗೆ ಗೊತ್ತಿರಲಿಲ್ಲವೇ? ಚಡ್ಡಿ ಹಾಕುವ ವಯಸ್ಸಿನಿಂದ ಕೇಳುತ್ತಾ ಬೆಳೆದವಳು ನಾನು. ಚಹಾ ಕುಡಿದದ್ದು ನೆನಪಿಲ್ಲದ ಮನುಷ್ಯ ಆರು ತಿಂಗಳು ದಿನಾ ತಪ್ಪದೆ ಹಿರಿಯ ಮಗಳಿಗೆ ಒಂದು ಮೆಟ್ಟಿಲು ಬಿಟ್ಟುಕೊಟ್ಟಿದ್ದ. ನಾನು ಅದಕ್ಕೆ ತಪ್ಪು ಅಂತ ಗೀಟು ಎಳೆದು, ಬಾತ ಕಾಲಲ್ಲಿ ಇಳಿಸಿ ಹತ್ತಿಸಿದ್ದೆ. ಮರೆತವರು ನಾವು.

ಮರುದಿನವೇ ಅವನ ಮುಂದೆ ತಪ್ಪೊಪ್ಪಿಕೊಳ್ಳಬೇಕು ಅಂದುಕೊಂಡೆ. ಮರುದಿನ ಅಪ್ಪನಿಗೆ ಜ್ವರ ಬಂತು. ಇಪ್ಪತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಎದ್ದಾಗ ಮೈ ಅರ್ಧ ಆಗಿತ್ತು, ಮಾತು ಇನ್ನೂ ಕಡಿಮೆಯಾಗಿತ್ತು. ಅವ್ವ ಬೇಡ ಅಂದರೂ ಕೇಳದೆ ಘಾಟಿಗೆ ಕರೆದೊಯ್ದೆ. ಒಂದೇ ಒಂದು ಸಲ ಸರಿಯಾಗಿ ಹತ್ತಿಸಬೇಕಿತ್ತು ನನಗೆ.

ಲಾಭ, ಮಾರೆಪ್ಪ. ಎರಡು, ಕಾಡವ್ವ. ಮೂರು, ಸೀತವ್ವ. ದನಿ ಸಣ್ಣಗಾಗಿತ್ತು, ತಪ್ಪಿರಲಿಲ್ಲ. ನಾಲ್ಕಕ್ಕೆ ಕಾಲೆತ್ತಿ ನಿಂತ.

“ನಾಕ, ಪದ್ಮಾ,” ಅಂದೆ ನಾನು.

ಆ ಹೆಸರನ್ನು ಇಪ್ಪತ್ತೇಳು ವರ್ಷದಲ್ಲಿ ನಾನು ಗಟ್ಟಿಯಾಗಿ ಅಂದದ್ದು ಅದೇ ಮೊದಲು. ಅಪ್ಪ “ಪದ್ಮಾ,” ಅಂದ, ಕಾಲಿಟ್ಟ. “ಐದು, ದಶರಥ,” ಅಂತ ಮುಂದಿನ ಮೆಟ್ಟಿಲೂ ಹತ್ತಿದ.

ಆರನೆಯದು ನನ್ನದು. ಕಾದೆ.

ಅಪ್ಪ ಕಾಲೆತ್ತಿದ. ಎತ್ತಿದ ಕಾಲು ಅಲ್ಲೇ ನಿಂತಿತು. ಬಾಯಿ ಬಿಡಲಿಲ್ಲ. ಒಂದು ಉಸಿರು ತಡೆದು ಸುಮ್ಮನೆ ಮೆಟ್ಟಿಲ ಮೇಲೆ ಕಾಲಿಟ್ಟ. ಅವನ ಕೈ ನನ್ನ ಕೈಯಲ್ಲೇ ಇತ್ತು. ನಾನು ಅಲ್ಲೇ ಇದ್ದೆ, ಅವನಿಗೆ ನಾನು ಹೋದವಳಾಗಿದ್ದೆ.

ಅವನು ನನ್ನ ಕಡೆ ತಿರುಗಿದ. ಮುಖ ಬೆಳಗಿತ್ತು. ಅಷ್ಟು ಪ್ರೀತಿಯಿಂದ ನನ್ನನ್ನು ನೋಡಿ ಎಷ್ಟೋ ವರ್ಷ ಆಗಿತ್ತು.

“ಪದ್ಮಾ, ಮಲಗಬ್ಯಾಡವ್ವಾ. ಮಿರಜ ಇನ್ನೇನ ಬಂತು. ಎಣಸು.”

ಅಪ್ಪಾ, ನಾ ಚಂದ್ರಾ ಅದೀನಿ ಅಂತ ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. “ಹ್ಞೂಂ ಅಪ್ಪಾ, ಎಣಸ್ತೀನಿ,” ಅಂದೆ. ಲಾಭ, ಎರಡು, ಮೂರು, ನಾಕು. ಅವನು ನನ್ನ ಕೈ ಹಿಡಿದು ಹತ್ತಿದ. ಮೇಲಿನ ಮೆಟ್ಟಿಲು ಮುಟ್ಟುವ ತನಕ ನಾನು ದನಿ ನಿಲ್ಲಿಸಲಿಲ್ಲ.