ಇನ್ನೂ ಬಡಿಯದ ಚಮಚ

ನನ್ನ ಕಿವಿ ಹೋಗಿದೆ ಎಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೊಲ್ಲಾಪುರದಲ್ಲಿ ನಾನು ಬೆಳೆದ ಮನೆಯಲ್ಲಿ ಅಡುಗೆಮನೆಗೂ ಪವರ್‌ಲೂಮಿಗೂ ನಡುವೆ ಒಂದೇ ಗೋಡೆ. ಟಾವೆಲ್ ನೇಯುವ ಆ ಖಟಖಟದಲ್ಲೇ ಉಂಡು, ಓದಿ, ಜಗಳಾಡಿ ದೊಡ್ಡವಳಾದೆ. ಐವತ್ತು ದಾಟುವುದರೊಳಗೆ ಎರಡೂ ಕಿವಿ ಕೈಕೊಟ್ಟವು. ಡಾಕ್ಟರು ಮಷೀನು ಹಾಕಿಕೊಳ್ಳಿ ಎಂದರು. ಹಾಕಿಕೊಂಡು ಪಾಠಕ್ಕೆ ನಿಂತರೆ ಮುಗಿಯಿತು. ಟೀಚರನ್ನು ಬಾಯಾರು ಎನ್ನುವ ಊರು, ಕಿವುಡಿ ಬಾಯಾರು ಎಂದು ಹೆಸರಿಡುತ್ತಾರೆ. ಮೊದಲೇ ಮರಾಠಿ ಶಾಲೆಯ ಮೇಲೆ ಕಣ್ಣಿಟ್ಟಿರುವ ಪಾಲಕರು ಮಕ್ಕಳನ್ನು ನಮ್ಮ ಕನ್ನಡ ಶಾಲೆ ಬಿಡಿಸಿ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ನಿವೃತ್ತಿಗೆ ಇನ್ನೆರಡು ವರ್ಷ, ಹೇಗೋ ದಬ್ಬಿದರಾಯಿತು ಎಂದು ಮಷೀನನ್ನು ಕಪಾಟಿನಲ್ಲಿಟ್ಟೆ.

ತುಟಿ ನೋಡಿ ಮಾತು ತಿಳಿಯುವುದು ದಣಿವಿನ ಕೆಲಸ. ದಿನವೂ ಚಪಳಗಾಂವದವರೆಗೆ ಬಸ್ಸು, ಅಲ್ಲಿಂದ ಒಂದು ಹಳ್ಳಿಯ ಕನ್ನಡ ಶಾಲೆಗೆ ನಡಿಗೆ. ಇಡೀ ದಿನ ಮಕ್ಕಳ ಮುಖವನ್ನೇ ದಿಟ್ಟಿಸಿ ಸಂಜೆ ಕಣ್ಣು ಉರಿಯುತ್ತಿದ್ದವು. ಮನೆಯಲ್ಲಿ ಯಾರು ಮಾತಾಡಿಸಿದರೂ ಸಿಟ್ಟು. ಸಾಕಾಗಿತ್ತು, ಖರೇನೇ ಸಾಕಾಗಿತ್ತು.

ಅದರ ಮೇಲೆ ಆರನೆಯ ತರಗತಿಗೆ ಧ್ವನಿಯ ಪಾಠ ಬಂತು. ದಾರದ ನಡುವೆ ಸ್ಟೀಲಿನ ಚಮಚ ಕಟ್ಟಿ, ಎರಡೂ ತುದಿಗಳನ್ನು ತೋರುಬೆರಳುಗಳಿಗೆ ಸುತ್ತಿ, ಬೆರಳನ್ನು ಕಿವಿಯಲ್ಲಿಟ್ಟುಕೊಂಡು ಬಗ್ಗಬೇಕು. ಜೋತುಬಿದ್ದ ಚಮಚವನ್ನು ಇನ್ನೊಬ್ಬರು ಮತ್ತೊಂದು ಚಮಚದಿಂದ ಬಡಿದರೆ ಸಪ್ಪಳ ದಾರದ ಗುಂಟ ಏರಿ ಗುಡಿಯ ಗಂಟೆಯಂತೆ ಕೇಳುತ್ತದೆ. ಒಬ್ಬೊಬ್ಬರಾಗಿ ಕೇಳಿದ ಮಕ್ಕಳು ಕಣ್ಣರಳಿಸಿ ಕುಣಿದರು.

ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು, ಹಣೆ ತುಂಬ ದೇವರ ಭಂಡಾರದ ಅರಿಶಿನ, ದಾರವನ್ನು ನನ್ನ ಮುಂದೆ ಹಿಡಿದಳು. "ಬಾಯಾರ, ನೀವೂ ಕೇಳ್ರಿ."

"ನಾ ಎಷ್ಟೋ ಸಲ ಕೇಳೀನಿ, ತಗಿ."

"ನಾ ಬಡದದ್ದು ಕೇಳಿಲ್ಲಲ್ರಿ!"

ಬೆರಳಿಗೆ ಸುತ್ತಿಕೊಂಡು ಬಗ್ಗಿದೆ. ಅವಳ ಕೈ ಮುಂದೆ ಬಂದದ್ದು ಕಂಡಿತು. ತಲೆ ಎತ್ತಿ, ವರ್ಷಾ ವರ್ಷಾ ಹೇಳುವುದನ್ನೇ ಹೇಳಿದೆ: "ಆಹಾ, ಗುಡಿ ಗಂಟಿ ಬಡದಂಗಾತು ನೋಡವ್ವಾ!"

ಹುಡುಗಿ ಬಡಿಯುವ ಚಮಚ ಎತ್ತಿ ತೋರಿಸಿದಳು. "ಬಾಯಾರ, ನಾ ಇನ್ನೂ ಬಡದೇ ಇಲ್ರಿ. ಚಮಚಾ ತೂಗಾಡಾಕತ್ತಿತ್ತು, ನಿಲ್ಲಸಾಕ ಕೈ ಹಾಕಿದ್ನಿ."

ಸಿಟ್ಟು ನೆತ್ತಿಗೇರಿತು. "ಸುಳ್ಳ ಹೇಳ್ತಿ? ನನ್ನ ಎದುರಿಗೇ ಸುಳ್ಳ ಹೇಳ್ತಿ?" ಎಂದು ಗದರಿದೆ. ದನಿ ಎಷ್ಟು ದೊಡ್ಡದಾಯಿತೋ ನನಗೇ ತಿಳಿಯದು. ಮುಂದೆ ಕೂತವರು ಹಿಂದಕ್ಕೆ ಸರಿದರು.

ಅವಳು ಚಮಚವನ್ನು ಬೆನ್ನ ಹಿಂದೆ ಸರಿಸಿದಳು. "ತಪ್ಪಾತ್ರಿ. ಬಡದಿದ್ನ್ರಿ. ನಾನೇ ಸುಳ್ಳ ಹೇಳಿದ್ನಿ."

ಬದುಕಿದೆ ಎನಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಅನಿಸಿದ್ದು ಅದೇ. ಗುಟ್ಟು ಉಳಿಯಿತು. ಆದರೆ ನಿಜ ಹೇಳಿದ ಮಗುವಿನ ಕೈಯಲ್ಲಿ ಸುಳ್ಳು ಹೇಳಿಸಿದ್ದೆ, ಅದೂ ವಿಜ್ಞಾನದ ಪಾಠದಲ್ಲಿ. ಥೂ, ನನ್ನ ಬಾಳೇವಿಗಿಷ್ಟು! ಬೆರಳಿನ ದಾರ ಬಿಚ್ಚಿದೆ.

"ಇಲ್ಲವ್ವ, ನೀ ಬಡದಿಲ್ಲ. ಬಡದಿದ್ರೂ ನನಗ ಗೊತ್ತಾಗಂಗಿಲ್ಲ. ನನಗ ಕಿವಿ ಕೇಳಂಗಿಲ್ಲ."

ಯಾರೂ ನಗಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಹಾಜರಿ ಕರದಾಗ ನಾವು ಅನ್ನೂದೂ ಕೇಳಂಗಿಲ್ಲೇನ್ರಿ?"

"ನಿಮ್ಮ ಮಾರಿ ನೋಡಿ ಬರಕೋತೀನಿ."

"ಮತ್ತ ಶನಿವಾರ ನಾ ಬೀರೋಬಾನ ಹಾಡ ಹಾಡಿದ್ನಲ್ರಿ?"

ಶನಿವಾರ ಅವಳು ಎಲ್ಲರೆದುರು ಕಣ್ಣು ಮುಚ್ಚಿ ನಿಂತು ಕುರಿಗಾರರ ದೇವರ ಆ ಹಾಡು ಹಾಡಿದ್ದಳು. ಮಕ್ಕಳು ಚಪ್ಪಾಳೆಗೆ ಕೈ ಎತ್ತಿದಾಗಲೇ ಹಾಡು ಮುಗಿದದ್ದು ನನಗೆ ಗೊತ್ತಾಗಿತ್ತು.

"ಅದೂ ಕೇಳಿಲ್ಲವ್ವ."

ಅವಳು ಅಳಲಿಲ್ಲ. ದಾರವನ್ನು ಚಮಚಕ್ಕೆ ಸುತ್ತುತ್ತಾ ನನ್ನತ್ತ ಮುಖ ಎತ್ತಿ, ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದಳು: "ಅವತ್ತ ನೀವು, ‘ನಿನ್ನ ದನಿ ಭಾಳ ಛಲೋ ಐತಿ’ ಅಂದಿದ್ರಿ. ನಾ ಮನ್ಯಾಗ ಅವ್ವಗೂ ಹೇಳೀನ್ರಿ."