ಹೆರಿಗೆ ವಾರ್ಡಿನ ಮುಯ್ಯಾಳು

ಆ ಹುಡುಗನನ್ನು ಸಸ್ಪೆಂಡ್ ಮಾಡಿಸಿದವಳು ನಾನೇ. ಈಗ ಅವನೇ ನನ್ನ ಎದುರು ಕೂತು ಪತ್ರ ಕೇಳುತ್ತಿದ್ದ. ಡಾಕ್ಟರಾಗಿ ನೋಂದಣಿಗೆ ಅರ್ಜಿ ಹಾಕಿದ್ದನಂತೆ. ತರಬೇತಿಯಲ್ಲಿ ಶಿಸ್ತುಕ್ರಮ ಆಗಿದ್ದರಿಂದ, ಅಂದಿನ ಮೇಲಧಿಕಾರಿಯ ಅಭಿಪ್ರಾಯ ತನ್ನಿ ಎಂದು ಮೆಡಿಕಲ್ ಕೌನ್ಸಿಲಿನವರು ಅದನ್ನು ತಡೆಹಿಡಿದಿದ್ದರು. ನಾನು ಬರೆಯದಿದ್ದರೆ ಅವನು ಓದಿದ್ದೆಲ್ಲ ನೀರುಪಾಲು. ಬೇರೆಯವರಾಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರೇನೋ. ನನಗೆ ಸಿಟ್ಟೇ ಬಂತು.

ಆಗ ನಾನು ಕಾಕನಕೋಟೆ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿದ್ದೆ. ಇವನು ಅಲ್ಲಿಗೆ ಇಂಟರ್ನ್ ಆಗಿ ಬಂದಿದ್ದ. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನೆಯವನು. ಚುರುಕು ಹುಡುಗ, ಕೈಯಲ್ಲಿ ನಯವಿತ್ತು. ಒಂದು ಬೆಳಗ್ಗೆ ಹೆರಿಗೆ ವಾರ್ಡನ್ನು ಅವನಿಗೆ ಒಪ್ಪಿಸಿ ನಾನು ಪಕ್ಕದೂರಿನ ಶಿಬಿರಕ್ಕೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಕಾಡಂಚಿನ ಹಾಡಿಯ ಹೆಂಗಸೊಬ್ಬಳು ಹೆತ್ತು, ರಕ್ತ ನಿಲ್ಲದೆ ಬಿಳಿಚಿಕೊಂಡು ಮಲಗಿದ್ದಳು. ನರ್ಸ್ ಒಬ್ಬಳೇ ಒದ್ದಾಡುತ್ತಿದ್ದಳು. ತಾಯಿ ಮಗು ಇಬ್ಬರೂ ಉಳಿದರು, ನಿಜ. ಆದರೆ ಮೈಸೂರಿನಲ್ಲಿ ಅವಳ ಗರ್ಭಕೋಶ ತೆಗೆಯಬೇಕಾಯಿತು. ಅದು ಅವಳ ಚೊಚ್ಚಲ ಹೆರಿಗೆ.

ಹುಡುಗ ಊರಿಗೆ ಹೋಗಿದ್ದ. ಹೊಗೆಸೊಪ್ಪು ಹದವಾಗಿ ಒಣಗಬೇಕಾದರೆ ಅದನ್ನು ನೇತುಹಾಕಿ ಕಾಯಿಸುವ ಮನೆಯ, ಅಂದರೆ ಬ್ಯಾರನ್ನಿನ, ಒಲೆ ದಿನಗಟ್ಟಲೆ ಒಂದೇ ಸಮ ಉರಿಯಬೇಕು. ಒಲೆ ಕಾಯಲು ಅವರಲ್ಲಿ ಮುಯ್ಯಾಳಿನ ರೂಢಿ. ಇವತ್ತು ನಿಮ್ಮ ಬ್ಯಾರನ್ನಿಗೆ ನಾವು, ನಾಳೆ ನಮ್ಮದಕ್ಕೆ ನೀವು. ನಮ್ಮ ಮಿರ್ಲೆ ಕಡೆ ನಾಟಿಗೂ ಹೀಗೇ, ಅದು ನನಗೆ ಹೊಸದಲ್ಲ. ಅವನ ಅಪ್ಪನಿಗೆ ಜ್ವರ, ಪಕ್ಕದ ಮನೆಯವರ ಮುಯ್ಯಿ ತೀರಿಸಬೇಕು. ಮಗ ನನ್ನನ್ನು ಒಂದು ಮಾತು ಕೇಳದೆ ಬಸ್ಸು ಹತ್ತಿದ. ಡ್ಯೂಟಿಯನ್ನೂ ಮುಯ್ಯಿಗೇ ಕೊಟ್ಟಿದ್ದ. ಇವತ್ತು ನನ್ನದು ನೀನು ಮಾಡು, ನಾಳೆ ನಿನ್ನದು ನಾನು ಮಾಡುತ್ತೇನೆ ಎಂದು ಜೊತೆಯವನಿಗೆ ಫೋನ್ ಮಾಡಿದ್ದನಂತೆ. ಹೂಂ ಅಂದವನು ಬರಲೇ ಇಲ್ಲ.

ಈಗ ಪತ್ರವನ್ನೂ ತಾನೇ ಟೈಪ್ ಮಾಡಿಸಿ ತಂದಿದ್ದ. 'ತಂದೆಯ ತೀವ್ರ ಅನಾರೋಗ್ಯದ ನಿಮಿತ್ತ' ಎಂದಿತ್ತು.

"ಅಪ್ಪನ ಆರೈಕೆಗೆ ಹೋಗಿದ್ಯಾ?" ಎಂದೆ.

"ಬ್ಯಾರನ್ ಕಾಯಕ್ಕೋದೆ ಅಂತ ಬರುದ್ರೆ ನಗ್ತಾರೆ ಮೇಡಂ. ಬೆಂಕಿ ಆಕುದ್ಮೇಲೆ ಬುಟ್ಟೋಗಂಗಿಲ್ಲ. ಅದೆಲ್ಲ ಅವ್ರಿಗೇನ್ ಗೊತ್ತಾಯ್ತದೆ?"

"ಅಲ್ಲಿ ನಿನ್ನ ಸರದಿ ಮುಗೀತು ಅಂತಿಟ್ಕೊ. ಇನ್ನೊಬ್ಬ ಬರೋಕೆ ಮುಂಚೆ ಎದ್ದೋಗ್ತೀಯಾ?"

"ಇಲ್ಲ ಮೇಡಂ. ಅವ್ನು ಬಂದು ಒಲೆ ಮುಂದೆ ಕೂತ್ಮೇಲೇ ಏಳೋದು."

"ಮತ್ತೆ ಹೆರಿಗೆ ವಾರ್ಡಿಂದ ಯಾಕಪ್ಪಾ ಎದ್ದೆ?"

ಅವನು ತಲೆ ತಗ್ಗಿಸಿದ.

"ಅಲ್ಲಿ ಕೆಟ್ರೆ ಯಾರ ಸೊಪ್ಪು ಕೆಡ್ತದೆ ಅಂತ ಗೊತ್ತಿತ್ತು ಮೇಡಂ. ಆಸ್ಪತ್ರೆಗೆ ಬರೋ ಹೆಂಗ್ಸು ಯಾರೋ ಏನೋ. ಅದ್ಕೇ ಎದ್ದೋದೆ." ತಾನು ತಂದಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟ. "ಇದ್ದದ್ ಇದ್ದಂಗೇ ಬರೀರಿ. ನೋಂದಣಿ ಸಿಗ್ದಿದ್ರೆ ಬುಡಿ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಸಮಾಧಾನವೇನೂ ಆಗಲಿಲ್ಲ. ಬ್ಯಾರನ್ನು, ಮುಯ್ಯಿ, ಆ ಹೆಂಗಸಿಗೆ ಆದದ್ದು, ಇವನು ಈಗ ಆಡಿದ ಮಾತು, ಎಲ್ಲವನ್ನೂ ಬರೆದೆ. ಕೊನೆಗೆ, ಇಂದು ಇವನಿಗೆ ನನ್ನ ವಾರ್ಡು ಒಪ್ಪಿಸಿ ಹೋಗಬಲ್ಲೆ ಎಂದೂ ಸೇರಿಸಿದೆ.

ಸಹಿ ಹಾಕುವಾಗ ಆ ಹೆಂಗಸಿನ ಬಿಳಿಚಿದ ಮುಖ ಕಣ್ಣ ಮುಂದೆ ಬಂತು. ಪೆನ್ನು ಕೆಳಗಿಟ್ಟೆ. ಹುಡುಗ ಒತ್ತಾಯ ಮಾಡಲಿಲ್ಲ, ಗಡಿಯಾರ ನೋಡಲಿಲ್ಲ, ಸುಮ್ಮನೆ ಕಾದ. ಎಷ್ಟೋ ಹೊತ್ತಿನ ಮೇಲೆ ಸಹಿ ಹಾಕಿದೆ.