ಆಟಕ್ಕಾಗಿ ಬಿಟ್ಟ ಪರೀಕ್ಷೆ

ನಂದಿಬಟ್ಟಲು ಹೂವನ್ನು ಲೋಟದ ನೀರಿನಲ್ಲಿ ನೆನೆಹಾಕಿ, ಆ ನೀರಿನಿಂದ ಕಣ್ಣು ತೊಳೆದುಕೊಳ್ಳುವುದು ನಮ್ಮ ಕಡೆಯ ಹಳೆಯ ಮದ್ದು. ಎಂಬತ್ತರ ದಶಕದ ಆರಂಭದಲ್ಲಿ ಕೆಂಗಣ್ಣಿನ ಬೇನೆ ಪುತ್ತೂರಿನಿಂದ ಸುಳ್ಯದವರೆಗೆ ಮನೆಮನೆಗೂ ಹೊಕ್ಕಾಗ ನಮ್ಮ ಹಿತ್ತಿಲ ಗಿಡದಲ್ಲಿ ಒಂದು ಹೂವೂ ಉಳಿಯಲಿಲ್ಲ. ಬಸ್ಸಿನಲ್ಲಿ ಅರ್ಧ ಜನ ಕಪ್ಪು ಕನ್ನಡಕದವರು; ಕಣ್ಣಿಗೆ ಕಣ್ಣು ಕೊಟ್ಟರೂ ಬೇನೆ ಹತ್ತುತ್ತದೆಂದು ನಂಬಿದ್ದರಿಂದ ಆತ್ಮೀಯರೂ ಮುಖ ತಿರುಗಿಸಿಕೊಂಡೇ ಕುಶಲ ಕೇಳುತ್ತಿದ್ದರು. ಜೀವ ತೆಗೆಯುವ ರೋಗವಲ್ಲ, ನಿಜ. ಆದರೆ ಸಣ್ಣ ರೋಗವೂ ಯಾರದೋ ಒಂದು ವರ್ಷವನ್ನು ನುಂಗಬಲ್ಲದೆಂದು ನನಗೆ ತಿಳಿದದ್ದು ಆಗಲೇ.

ನಾನಾಗ ಪುತ್ತೂರಿನ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿ, ವಾಲಿಬಾಲ್ ತಂಡದ ನಾಯಕ. ತಂಡದ ಆರು ಜನರಲ್ಲಿ ನಾಲ್ವರು ಕಣ್ಣು ಬಿಡಲಾರದೆ ಮಲಗಿದ್ದರು. ಉಳಿದ ಕಾಲೇಜುಗಳ ಪಾಡೂ ಅದೇ ಆದ್ದರಿಂದ ಫೆಬ್ರವರಿಯ ಪಂದ್ಯಾಟವನ್ನು ಆಗಸ್ಟಿಗೆ ಮುಂದೂಡಿದರು. ಹೊಸ ನೆಟ್ಟಿಗೂ ಅಂಗಿಗಳಿಗೂ ತೆಗೆದಿಟ್ಟ ಕ್ರೀಡಾನಿಧಿ ಹಾಸ್ಟೆಲಿನವರ ಕಣ್ಣಿನ ಮದ್ದಿಗೆ ಹೋಯಿತು. ಕಣ್ಣಿದ್ದರಲ್ಲವೇ ಆಟ ಎಂದರು ಪ್ರಿನ್ಸಿಪಾಲರು. ಹರಿದ ನೆಟ್ಟನ್ನು ಹೊಲಿದುಕೊಂಡೆವು.

ನೆಟ್ಟನ್ನು ಹೊಲಿಯಬಹುದು, ಜತ್ತಪ್ಪನನ್ನು ಎಲ್ಲಿಂದ ತರುವುದು? ನಮ್ಮ ತಂಡದಲ್ಲಿದ್ದ, ಗುತ್ತಿಗಾರು ಊರಿನ ಈ ಉದ್ದನೆಯ ಆಸಾಮಿ ಹಾರಿ ಹೊಡೆದ ಚೆಂಡನ್ನು ಎತ್ತಬಲ್ಲವರು ಸುತ್ತಮುತ್ತ ಯಾರೂ ಇರಲಿಲ್ಲ. ಅವನದು ಕೊನೆಯ ವರ್ಷ. ಏಪ್ರಿಲಿನಲ್ಲಿ ಪಾಸಾದರೆ ಆಗಸ್ಟಿನಲ್ಲಿ ಅವನು ವಿದ್ಯಾರ್ಥಿಯೇ ಅಲ್ಲ. ಪಾಸಾದರೆ ಊರಿನ ಹತ್ತಿರವೇ ಒಂದು ಗುಮಾಸ್ತಿಕೆ ಕಾದಿತ್ತು ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: "ಒಂದು ಪೇಪರ್ ಬಿಡು ಮಾರಾಯ. ಫೇಲಾದ್ರೆ ಹೆಸರು ಕಾಲೇಜಿನಲ್ಲೇ ಇರ್ತದೆ. ಅಕ್ಟೋಬರಿನಲ್ಲಿ ಬರೆದ್ರಾಯ್ತು."

ಆಡುವ ಆಸೆ ಅವನಿಗೂ ಇತ್ತು. ಅರ್ಥಶಾಸ್ತ್ರದ ದಿನ ಉತ್ತರಪತ್ರಿಕೆಯ ಮೇಲೆ ನಂಬರು ಮಾತ್ರ ಬರೆದು, ಅರ್ಧ ಗಂಟೆ ಕಿಟಕಿಯಾಚೆ ನೋಡುತ್ತ ಕುಳಿತು, ಎದ್ದು ಬಂದ.

ನೀವೂ ಪ್ರಾಯದಲ್ಲಿ ಹೀಗೆ ಕಾಯಿದೆ ಪಂಡಿತರಾಗಿದ್ದಿರಬಹುದು. ಯಾವ ಪುಸ್ತಕವನ್ನೂ ತೆರೆಯದೆ, ಯಾರನ್ನೂ ಕೇಳದೆ, ನಿಯಮವನ್ನು ತಮಗೆ ಬೇಕಾದಂತೆ ಓದಿಕೊಳ್ಳುವ ವಿದ್ಯೆ ಆ ವಯಸ್ಸಿಗೆ ತಾನಾಗಿಯೇ ಒಲಿಯುತ್ತದೆ. ಆಗಸ್ಟಿನಲ್ಲಿ ಆಟದ ಮೇಷ್ಟ್ರು ನಿಜವಾದ ನಿಯಮವನ್ನು ಓದಿ ಹೇಳಿದರು: ತರಗತಿಯ ಹಾಜರಿಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಆಡಬಹುದು, ಕೊನೆಯ ವರ್ಷ ಮುಗಿಸಿ ಫೇಲಾದವನು ಪರೀಕ್ಷೆಗೆ ಕಟ್ಟಬಹುದೇ ಹೊರತು ತಂಡಕ್ಕೆ ಸೇರುವಂತಿಲ್ಲ. ಅಷ್ಟರಲ್ಲಿ ಗುಮಾಸ್ತಿಕೆಯೂ ಬೇರೊಬ್ಬರ ಪಾಲಾಗಿತ್ತು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಎಲ್ಲಿ ನನ್ನ ಹೆಸರು ಹೊರಬೀಳುವುದೋ ಎಂಬ ಹೆದರಿಕೆಯಿತ್ತು. ಇಷ್ಟು ವರ್ಷಗಳ ಮೇಲೆ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪಂದ್ಯಾಟದ ದಿನ ಮೊದಲ ಸುತ್ತಿನಲ್ಲೇ ಸೋತು ಮೈದಾನದ ಬದಿಯಲ್ಲಿ ಕುಳಿತಿದ್ದಾಗ ಜತ್ತಪ್ಪ ತನ್ನ ತಂದೆಯೊಂದಿಗೆ ಬಂದ. ಮಗನಿಂದ ಅಕ್ಟೋಬರಿನ ಪರೀಕ್ಷೆಗೆ ಹಣ ಕಟ್ಟಿಸಲೆಂದು ಗುತ್ತಿಗಾರಿನಿಂದ ಬಸ್ಸು ಹತ್ತಿ ಬಂದವರು ಅವರು. ಅವನು ಮನೆಯಲ್ಲಿ ಏನು ಹೇಳಿದ್ದನೆಂಬುದು ಅವರ ಮಾತಿನಿಂದಲೇ ತಿಳಿಯಿತು.

"ಕಣ್ಣು ಬೇನೆಯಲ್ಲಿ ಇವನಿಗೆ ಓದ್ಲಿಕ್ಕೇ ಆಗ್ಲಿಲ್ಲ. ನೀವು ಇವನ ಕ್ಯಾಪ್ಟನ್ ಅಲ್ವಾ, ನಿಮ್ಮ ಮಾತು ಕೇಳ್ತಾನೆ. ಈ ಸರ್ತಿಯಾದ್ರೂ ಪೂರ್ತಿ ಬರೀಲಿಕ್ಕೆ ಸ್ವಲ್ಪ ಹೇಳಿ."

ಜತ್ತಪ್ಪ ನನ್ನ ಮುಖ ನೋಡಲಿಲ್ಲ. ಹೇಳುತ್ತೇನೆ ಎಂದೆ. ಅವರು ನನಗೆ ಕೈ ಮುಗಿದರು.